ಆಲುವದ ಹಲಸಿನ ಹಲಗೆ

೧೯೫೮ರಲ್ಲಿ ನಾನು ಕೊಚ್ಚಿಯ ಒಂದು ಸರ್ಕಾರಿ ಮರದ ಡಿಪೋದಲ್ಲಿ ಟಿಂಬರ್ ವ್ಯಾಲ್ಯುಯರ್ ಆಗಿದ್ದೆ. ದಿಮ್ಮಿ ಅಳೆದು, ದೋಷ ಗುರುತಿಸಿ, ಘನ ಅಡಿಗೆ ಇಷ್ಟೆಂದು ಬೆಲೆ ನಿಗದಿಪಡಿಸುವುದು ನನ್ನ ಕೆಲಸ. ಕಾಸರಗೋಡಿನವನಾದ ನನ್ನ ಮಲಯಾಳವನ್ನು ಅಲ್ಲಿನ ವ್ಯಾಪಾರಿಗಳು ನನ್ನೆದುರೇ ಅಣಕಿಸುತ್ತಿದ್ದರು. ಯಾರು ಯಾರೆಂಬುದು ಇಂದಿಗೂ ನೆನಪಿದೆ.

ಪಾಲಾರಿವಟ್ಟಂನಲ್ಲಿ ನಾನಿದ್ದ ಬಾಡಿಗೆ ಮನೆಯ ಒಡತಿಯ ಮಗ ಆಂಟನಿ. ಬಂದರಿನಲ್ಲಿ ಗುಮಾಸ್ತ, ಸಂಜೆ ಮದುವೆಗಳಲ್ಲಿ ಗಿಟಾರ್ ವಾದಕ. ತಿರುವನಂತಪುರದ ಕ್ಲಬ್ಬೊಂದರ ಬ್ಯಾಂಡಿನಲ್ಲಿ ಅವನಿಗೊಂದು ಕಾಯಂ ಸ್ಥಾನ ಕಾದಿತ್ತು, ಎಲೆಕ್ಟ್ರಿಕ್ ಗಿಟಾರ್ ತಂದರೆ ಮಾತ್ರ. ವಾದನದ ಪರೀಕ್ಷೆ ಜೂನ್ ತಿಂಗಳಲ್ಲಿ. ಹಡಗಿನವನೊಬ್ಬನಿಂದ ಪಿಕಪ್ ಸಂಪಾದಿಸಿದ್ದ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಸುರುಳಿ ಅದು. ಇನ್ನು ಬೇಕಾದದ್ದು ಮರ. ಅದಕ್ಕೆ ಅವನಲ್ಲಿ ಉಳಿದಿದ್ದುದು ಹನ್ನೆರಡು ರೂಪಾಯಿ. ಮೊದಲ ಹಲಗೆ ಕೆಟ್ಟರೆ ಎರಡನೆಯದು ಇರಲಿಲ್ಲ.

ಅವನಿಗೆ ಬೀಟೆಯ ಮೇಲೆ ಆಸೆ. "ಅದನ್ನು ಕೊರಳಿಗೆ ತೂಗುಹಾಕಿಕೊಂಡು ಮೂರು ಗಂಟೆ ನಿಲ್ಲಬಲ್ಲೆಯಾ?" ಎಂದೆ. ವೀಣೆಗೆ ಒಗ್ಗಿದ ಹಲಸು ಹಗುರ, ಬಾಗುವುದೂ ಕಡಿಮೆ. ದೇಹ, ಕತ್ತು ಎರಡಕ್ಕೂ ಸೇರಿ ನಲವತ್ತಾರು ಇಂಚು ಉದ್ದ, ಹದಿನಾಲ್ಕು ಅಗಲ, ಎರಡು ದಪ್ಪ. ಸುಮಾರು ಮುಕ್ಕಾಲು ಘನ ಅಡಿ.

ಮರದ ವ್ಯಾಪಾರದಲ್ಲಿ ಕೊಚ್ಚಿಯ ಮಾತ್ತನ್ ಮೊದಲಾಳಿಯ, ಅಂದರೆ ಮಾತ್ತನ್ ಧಣಿಯ, ಅಂಗಡಿ ಹೆಸರುವಾಸಿ. ಅವರು ತೋರಿಸಿದ ಹಲಗೆ ಚಿನ್ನದ ಬಣ್ಣದ್ದು, ಎಂಟು ರೂಪಾಯಿ. ಆಂಟನಿ ಬೆರಳಿನಿಂದ ತಟ್ಟಿ, ನಾದಕ್ಕೆ ಮರುಳಾದ. ನಾನು ಅದರ ಕೊನೆಯನ್ನು ಚೂರು ಕೆತ್ತಿಸಿ, ಒಳಮೈಯನ್ನು ನಾಲಿಗೆಯಿಂದ ಮುಟ್ಟಿದೆ.

"ಅಯ್ಯೋ ಸಾರೇ," ಮೊದಲಾಳಿ ಅಂಗಡಿಯಿಡೀ ಕೇಳುವಂತೆ ಕೂಗಿದರು, "ಮನೆಯಲ್ಲಿ ಉಣ್ಣಲು ಚೋರು ಹಾಕಲಿಲ್ಲವೋ? ಕಾಸರಗೋಡಿನಲ್ಲಿ ಮರವನ್ನೇ ತಿನ್ನುತ್ತೀರೋ?"

ಕೂಲಿಗಳು ನಕ್ಕರು. ಆಂಟನಿಯೂ ನಕ್ಕ.

ಹಲಗೆ ಉಪ್ಪಾಗಿತ್ತು. ಕೊಚ್ಚಿಯಲ್ಲಿ ದಿಮ್ಮಿಗಳನ್ನು ತಿಂಗಳುಗಟ್ಟಲೆ ಕಾಯಲ್ ಎನ್ನುವ ಹಿನ್ನೀರಿನಲ್ಲಿ ತೇಲಿಬಿಡುವ ರೂಢಿ. ಸಮುದ್ರದ ಉಪ್ಪು ಮರದೊಳಗೆ ಸೇರುತ್ತದೆ. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಬೆವರುತ್ತದೆ. ಮೇಜಿಗೆ ಅದು ಅಂಥ ದೋಷವಲ್ಲ. ಸ್ಕ್ರೂ, ವೈರು, ಪಿಕಪ್ ಕೂರಿಸುವ ವಾದ್ಯಕ್ಕೆ ಮಾತ್ರ ಮರಣಶಾಸನ. ನಾನು ಅದಕ್ಕೆ ಮೂರು ರೂಪಾಯಿ ಬೆಲೆ ಕಟ್ಟಿ, ಕೊಳ್ಳಗೊಡದೆ ಆಂಟನಿಯನ್ನು ಕರೆದುಕೊಂಡು ಹೊರಬಂದೆ.

ಮರುದಿನ ಆಲುವಕ್ಕೆ ಹೋದೆವು. ಅಲ್ಲಿಗೆ ಮರ ಬರುವುದು ಪೆರಿಯಾರ್ ನದಿಯ ಸಿಹಿನೀರಿನಲ್ಲಿ. ಅಲ್ಲಿನ ಮರದ ಶೆಡ್ಡೊಂದರ ಅಟ್ಟದಲ್ಲಿ ಎರಡು ಬೇಸಿಗೆ ಕಂಡಿದ್ದ ಹಲಗೆಯೊಂದು ಸಿಕ್ಕಿತು. ಅಂಚಿನಲ್ಲಿ ಕಪ್ಪು ಕಲೆ. ಕೇಳಿದ್ದು ಹನ್ನೊಂದು ರೂಪಾಯಿ. ನೆಕ್ಕಿದೆ, ಸಪ್ಪೆ.

"ಇಷ್ಟು ಕುರೂಪಕ್ಕೆ ಮೂರು ರೂಪಾಯಿ ಹೆಚ್ಚೇ, ಸಾರೇ?" ಆಂಟನಿಗೆ ಅಳುವೇ ಬಂದಿತ್ತು.

"ಕಲೆಗೆ ಬಣ್ಣ ಬಳಿಯಬಹುದು. ಉಪ್ಪಿಗೆ ಏನು ಬಳಿಯುತ್ತೀ?"

ಅವನು ಹಣ ಕೊಟ್ಟ.

ಜೂನ್ ತಿಂಗಳಲ್ಲಿ, ಪರೀಕ್ಷೆಯ ದಿನ, ಕಚೇರಿ ಕೆಲಸದ ಮೇಲೆ ನಾನೂ ತಿರುವನಂತಪುರದಲ್ಲಿದ್ದೆ. ಹೊರಗೆ ಮಳೆ ಬಿಟ್ಟಿರಲಿಲ್ಲ. ಕ್ಲಬ್ಬಿನ ಕಿಟಕಿಗಳೂ ಉಬ್ಬಿ ಮುಚ್ಚದಂತಾಗಿದ್ದವು. ಪಿಯಾನೋ ಶ್ರುತಿ ಬಿಟ್ಟಿತ್ತು. ಆಲುವದ ಹಲಗೆಯಿಂದ ಮಾಡಿ ಕೆಂಪು ಬಣ್ಣ ಬಳಿದ ಗಿಟಾರ್ ಮಧ್ಯಾಹ್ನವಿಡೀ ಶ್ರುತಿ ಬಿಡಲಿಲ್ಲ; ಪಿಕಪ್ ಗೊರಗುಟ್ಟಲಿಲ್ಲ. ಬ್ಯಾಂಡ್ ಮಾಸ್ಟರ್ ಆಂಟನಿಯ ಕೈ ಕುಲುಕಿ ಕೇಳಿದರು: "ಮರ ಎಲ್ಲಿಯದು?"

"ಕೊಚ್ಚಿಯ ಮಾತ್ತನ್ ಮೊದಲಾಳಿಯ ಅಂಗಡಿಯದು, ಸರ್."

ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ವರಾಂಡದಲ್ಲಿ ಅವನು ತಲೆ ತಗ್ಗಿಸಿದ. "ಕ್ಷಮಿಸಿ, ಸಾರೇ. ಆಲುವ ಎಂದರೆ ಅಲ್ಲಿಯದೇ ಏಕೆಂದು ಕೇಳುತ್ತಿದ್ದರು, ನೆಕ್ಕಿ ಆರಿಸಿದ್ದು ಎಂದರೆ ನಗುತ್ತಿದ್ದರು. ಆಮೇಲೆ ಯಾರೂ ಗಿಟಾರ್ ಕೇಳುತ್ತಿರಲಿಲ್ಲ."

ಅವನ ಲೆಕ್ಕ ತಪ್ಪಲ್ಲವೆಂದು ನನಗೂ ತಿಳಿದಿತ್ತು. ಆದರೂ ಕ್ಷಮಿಸಿದೆನೆಂದು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ವಸ್ತುವಿನ ಗುಣ ಹೇಳುವುದಷ್ಟೇ ಬೆಲೆ ಕಟ್ಟುವವನ ಪಾಲು. ಅದು ಯಾರ ಹೆಸರಿನಲ್ಲಿ ಮೆರೆಯಬೇಕೆಂಬುದು ಅವನ ಕೈಯಲ್ಲಿಲ್ಲ. ಇಷ್ಟನ್ನು ಆ ಮಧ್ಯಾಹ್ನ ನನಗೆ ಕಲಿಸಿತು. ಆ ವಾರವೇ ಕೊಚ್ಚಿಗೆ ಮರಳಿ ಡಿಪೋಗೆ ಕೊಳ್ಳುವ ಮರದ ತಪಾಸಣೆಗೆಂದು ಮಾತ್ತನ್ ಮೊದಲಾಳಿಯ ಅಂಗಡಿಗೆ ಹೋದೆ. ಕೂಲಿಗಳೆಲ್ಲ ಸೇರುವವರೆಗೆ ಕಾದು, ಮೊದಲ ದಿಮ್ಮಿಗೇ ನಾಲಿಗೆ ಚಾಚಿದೆ.