ಗ್ರೀಕ್ ಸಿನಿಮಾಗೂ ಮಂಗಳ ಬೇಕೆಂದ ಅಜ್ಜಿ

ರಾಕ್ಷಸ ಸತ್ತ. ನಾನು ಎದ್ದೆ. ಅಜ್ಜಿ ಏಳಲಿಲ್ಲ.

"ಅಜ್ಜಿ, ಬಸ್ಸು..."

"ಕೂತ್ಕೊಳೋ. ಇನ್ನೂ ಮಂಗಳ ಆಗಿಲ್ಲ."

ಅರವತ್ತರ ದಶಕದ ಮಾತು. ಕಂಟೋನ್ಮೆಂಟಿನ ಟಾಕೀಸು, ಮ್ಯಾಟಿನಿ ಷೋ, ಪರದೆಯ ಮೇಲೆ ಗ್ರೀಕ್ ಪುರಾಣದ ಇಂಗ್ಲಿಷ್ ಸಿನಿಮಾ. ಪಕ್ಕದಲ್ಲಿ, ಹರಿಕಥೆ ಬಿಟ್ಟು ಬೇರೇನೂ ಕಾಣದ ನಮ್ಮಜ್ಜಿ. ಮಂಗಳ ಹಾಡುವ ಮುಂಚೆ ಎದ್ದು ಹೋಗುವುದು ಅವರ ಪ್ರಕಾರ ಮಹಾಪರಾಧ.

ಆಗಿನ ಜಯನಗರದಲ್ಲಿ ಮನೆಗಿಂತ ಪೊದೆ ಹೆಚ್ಚು, ಬಸ್ಸು ಮನೆಗಿಂತಲೂ ಕಡಿಮೆ. ಹಾಗಾಗಿ ನಮ್ಮ ಕಡೆಯವರು ಯಾರೂ ಸಿನಿಮಾ ಪೂರ್ತಿ ನೋಡುತ್ತಿರಲಿಲ್ಲ. ಅತ್ತ ರಾಕ್ಷಸ ಬಿದ್ದ ಕೂಡಲೇ ಇತ್ತ ನಾವು ಎದ್ದು, ಎದ್ದು ಬಿದ್ದು ಓಡುತ್ತಿದ್ದೆವು.

ಅಜ್ಜಿಯನ್ನು ಅಲ್ಲಿಗೆ ತಂದದ್ದು ನಮ್ಮಕ್ಕ ಶಾರದೆಯ ಸಂಕಟ. ಮದರಾಸಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು, ಹಾಸ್ಟೆಲ್ಲೂ ಸಿಕ್ಕಿತ್ತು, ಅಜ್ಜಿಯ ಒಪ್ಪಿಗೆ ಮಾತ್ರ ಸಿಕ್ಕಿರಲಿಲ್ಲ. ಸೋಮವಾರದೊಳಗೆ ಉತ್ತರ ಬರೆಯಬೇಕು.

ಅಪ್ಪ "ಅಮ್ಮ ಹೂಂ ಅಂದ್ರೆ ನಂದೂ ಹೂಂ" ಎಂದು ಪೇಪರಿನ ಹಿಂದೆ ಮರೆಯಾಗಿದ್ದರು.

ಕಾಲೇಜು ಪಂಡಿತನಾದ ನಾನು ಅಜ್ಜಿಗೆ ಪಾಠ ಶುರು ಮಾಡಿದೆ.

"ಗ್ರೀಕರ ಕಥೆಗಳಿಗೆಲ್ಲ ಒಂದೇ ಅಚ್ಚು ಅಜ್ಜಿ. ಹುಡುಗ ಮನೆ ಬಿಟ್ಟು ಹೊರಡ್ತಾನೆ, ಯಾರೋ ಹಿರಿಯರು ಏನೋ ಕೊಟ್ಟು ಹರಸ್ತಾರೆ, ಕಡಲು ದಾಟ್ತಾನೆ, ರಾಕ್ಷಸನ್ನ ಕೊಲ್ತಾನೆ. ಮನೇಲೇ ಕೂತೋರು ಯಾರೂ ಹೀರೋ ಆಗಿಲ್ಲ."

ಅಜ್ಜಿ ಬತ್ತಿ ಹೊಸೆಯುತ್ತಲೇ ಕೇಳಿದರು, "ಆಮೇಲೆ ಮನೆಗೆ ಬಂದ್ನಾ?"

ಬಸ್ಸಿನ ದೆಸೆಯಿಂದ ಒಬ್ಬನೇ ಒಬ್ಬ ಹೀರೋ ಮನೆ ಸೇರಿದ್ದನ್ನು ನಾನು ಕಂಡಿರಲಿಲ್ಲ.

"ಮತ್ತೇನೋ ಅರ್ಧ ಕಥೆ ಹೇಳ್ತೀಯ? ಹೋಗೋದು ಯಾರು ಬೇಕಾದ್ರೂ ಹೋಗ್ತಾರೆ. ನಡಿ, ನಾನೇ ನೋಡ್ತೀನಿ."

ಹೀಗೆ ಬಂದು ಕೂತಿದ್ದೇವೆ. ಬಸ್ಸು ಹೋಗಿಯೇ ಹೋಯಿತು...

ಪರದೆಯ ಮೇಲೆ ಹಡಗು ಮನೆಯತ್ತ ತಿರುಗುತ್ತಿದೆ. ಸುಟ್ಟ ಮುಖ, ಹರಿದ ಬಟ್ಟೆಯ ಹೀರೋ ಊರ ಬಾಗಿಲಲ್ಲಿ ನಿಂತರೆ ಕಾವಲುಗಾರನಿಗೇ ಗುರುತಿಲ್ಲ. ಬಾವಿಕಟ್ಟೆಯ ಹತ್ತಿರ ಅವನ ತಾಯಿ ತಲೆಯೆತ್ತುತ್ತಾಳೆ. ಕೊಡ ಕೆಳಗಿಡುತ್ತಾಳೆ.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪರದೆಗೆ ಕೈಮುಗಿದರು.

ಬೇರೆ ಬಸ್ಸಿನಲ್ಲಿ ಲಾಲ್‌ಬಾಗ್ ತನಕ ಬಂದು, ಅಲ್ಲಿಂದ ನಡೆದೆವು. ದಾರಿಯಲ್ಲಿ ಅಜ್ಜಿ ನಿಂತು ಕೇಳಿದರು,

"ಅವನು ಮನೆ ಬಿಟ್ಟು ಹೊರಡೋವಾಗ ಆ ಮುದುಕಿ ಗುರಾಣಿ ಕೊಡ್ದೇ ಇದ್ದಿದ್ರೆ?"

"ಸತ್ತೇ ಹೋಗ್ತಿದ್ದ ಅಜ್ಜಿ."

"ಹೂಂ."

ಮನೆಗೆ ಬಂದವರೇ ಅಟ್ಟದಿಂದ ತಮ್ಮ ಕಾಶಿಯಾತ್ರೆಯ ಚೊಂಬು ಇಳಿಸಿದರು. ತಿರುಪಿನ ಮುಚ್ಚಳದ ಹಿತ್ತಾಳೆ ಚೊಂಬು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಅಕ್ಕನ ಕೈಗಿಟ್ಟರು.

"ಮದರಾಸಲ್ಲಿ ನೀರು ಉಪ್ಪಂತೆ. ಮನೆ ನೀರು ತುಂಬ್ಕೊಂಡು ಹೋಗು. ಚೊಂಬು ಮಾತ್ರ ನಂಗೆ ವಾಪಸ್ ಬೇಕು... ನೀನೇ ತಂದ್ಕೊಡು."

ಕೈಗೆ ಚೊಂಬು ಸಿಕ್ಕಿದ್ದಕ್ಕೆ ಅಷ್ಟೊಂದು ಖುಷಿಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಪ್ರತಿ ರಜೆಗೂ ಅಕ್ಕ ಅದನ್ನು ತಂದು ಅಜ್ಜಿಯ ಮುಂದಿಡುತ್ತಿದ್ದಳು. ಅಜ್ಜಿ ತುಂಬಿಸಿ ಕಳಿಸುತ್ತಿದ್ದರು. ನಾನಂತೂ ಇವತ್ತಿಗೂ ಟಾಕೀಸಿನಲ್ಲಿ ದೀಪ ಹತ್ತುವ ತನಕ ಸೀಟು ಬಿಟ್ಟು ಏಳುವುದಿಲ್ಲ.

ನೀವು ಮೊದಲ ಸಲ ಮನೆ ಬಿಟ್ಟು ಹೊರಟಾಗ, ನಿಮ್ಮ ಕೈಗೆ ಚೊಂಬು ಕೊಟ್ಟವರು ಯಾರು?