ಹಿರಿಯೂರಿನ ಅಂಗಳದಲ್ಲಿ ಒಂದಿಷ್ಟು ಗರಿಕೆ

ಅಂಗಳದಲ್ಲಿ ಮಂಡಿಯೂರಿ ಗರಿಕೆಯ ಬೇರು ನೆಡುತ್ತಿದ್ದೆ. ಮನೆಯೊಡತಿ ತಿಪ್ಪಮ್ಮ ಬೇಲಿಯಾಚೆ ನಿಂತು ಬಹಳ ಹೊತ್ತು ನೋಡಿ, "ಎಮ್ಮೆ ಯಾವಾಗ ತರ್ತೀರಿ?" ಎಂದರು. ಎಮ್ಮೆಗಲ್ಲ, ನೋಡುವುದಕ್ಕೆ, ಬರಿಗಾಲಲ್ಲಿ ನಡೆಯುವುದಕ್ಕೆ ಎಂದೆ. ಅವರು ನಗಲೂ ಇಲ್ಲ. ಹೊಲದಲ್ಲಿ ಗರಿಕೆ ಕಿತ್ತು ಕಿತ್ತು ಸೊಂಟ ಹಿಡಿದುಹೋದ ಹೆಂಗಸು ಅವರು. ಅದನ್ನು ಬೇಕೆಂದೇ ನೆಡುವವರನ್ನು ನೋಡಿದ್ದು ಅದೇ ಮೊದಲಂತೆ.

ನನ್ನ ತವರೂರು ಮಡಿಕೇರಿಯಲ್ಲಿರುವ ನಿಮಗೆ ಇದು ಅರ್ಥವಾಗುವುದು ಕಷ್ಟ. ಅಲ್ಲಿ ಹುಲ್ಲು ತಾನಾಗಿ ಬರುತ್ತದೆ. ಕತ್ತರಿಸಿ, ಅಂಚಿಗೆ ನಾಲ್ಕು ಡೇಲಿಯಾ ಹಾಕಿದರೆ ಮುಗಿಯಿತು. ತೊಂಬತ್ತರ ದಶಕದ ನಡುವೆ ನನ್ನ ಗಂಡನಿಗೆ ಹಿರಿಯೂರಿನ ಕಾಲೇಜಿಗೆ ವರ್ಗವಾಗಿ, ಈ ಬಾಡಿಗೆ ಮನೆ ಸಿಕ್ಕಿತು. ಮುಂದೆ ಸಗಣಿ ಸಾರಿಸಿದ ಗಟ್ಟಿ ನೆಲ. ಇಡೀ ಬೀದಿಯೇ ಹಾಗೆ. ಮುದ್ದೆಯನ್ನು ಅಗಿದು ತಿನ್ನುವ ನನ್ನನ್ನು ನೋಡಿ ಪಕ್ಕದ ಮನೆಯವರು ಮುಖ ತಿರುಗಿಸಿ ನಕ್ಕಿದ್ದರು. ಸಲೀಸಾಗಿ ನುಂಗುವುದನ್ನು ಕಲಿತ ದಿನ ನನಗೊಂದು ಪದಕ ಕೊಡಬೇಕಿತ್ತು. ಆದರೂ ಗಂಡ ಕಾಲೇಜಿಗೆ ಹೋದ ಮೇಲೆ ಮಾತಿಗೆ ಯಾರೂ ಇರಲಿಲ್ಲ. ಆ ಬೋಳು ಅಂಗಳ ನೋಡಿದರೆ ಅಳು ಬರುತ್ತಿತ್ತು. ಅದಕ್ಕೇ ಗರಿಕೆ ನೆಟ್ಟೆ.

ಒಂದು ದಿನ ಗಂಡನಿಗೆ ಹೇಳಿಬಿಟ್ಟೆ. ಮೊದಲ ಮಳೆಯವರೆಗೆ ಈ ಹುಲ್ಲು ಉಳಿದರೆ ನಾನೂ ಇಲ್ಲಿ ಉಳಿಯುತ್ತೇನೆ, ಇಲ್ಲದಿದ್ದರೆ ಮಡಿಕೇರಿಗೆ ಹೋಗಿ ಅಲ್ಲೇ ಕೆಲಸ ಹುಡುಕಿಕೊಳ್ಳುತ್ತೇನೆ, ನೀವು ರಜೆಗೆ ಬನ್ನಿ ಎಂದು. ತಮಾಷೆಯಲ್ಲ ಎಂದು ತಿಳಿದ ಮೇಲೆ ಅವರಿಗೂ ಹುಲ್ಲಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಬೆಳಗ್ಗೆ ನನಗಿಂತ ಮುಂಚೆ ಎದ್ದು ಪಂಚೆ ಎತ್ತಿ ಕಟ್ಟಿ ಬಕೆಟ್ಟು ಹೊರುತ್ತಿದ್ದರು.

ಶಿವರಾತ್ರಿ ಕಳೆದು ಬಿಸಿಲು ಬಲಿತಾಗ ನಾನು ಮಡಿಕೇರಿಯ ಅಭ್ಯಾಸದಲ್ಲಿ ಹುಲ್ಲನ್ನು ನೆಲಕ್ಕಂಟಿಸಿ ಕತ್ತರಿಸಿದೆ. ಅಷ್ಟೂ ಹಳದಿಯಾಯಿತು. ಬೇಲಿಯ ಬುಡದಲ್ಲಿ, ಅಷ್ಟೇ ಬಿಸಿಲಿದ್ದರೂ, ಕುಡುಗೋಲು ತಾಗದೆ ಉಳಿದ ಉದ್ದನೆಯ ಹುಲ್ಲು ಮಾತ್ರ ಹಸಿರಾಗಿಯೇ ಇತ್ತು. ಬಿಸಿಲೂರಲ್ಲಿ ಹುಲ್ಲಿನ ಬುಡಕ್ಕೆ ಹುಲ್ಲೇ ನೆರಳು ಎಂದು ಆಗ ಹೊಳೆಯಿತು. ಅಲ್ಲಿಂದ ತುದಿ ಮಾತ್ರ ಸವರಿ, ಕತ್ತರಿಸಿದ್ದನ್ನು ಅಲ್ಲೇ ಹರಡಿದೆ. ದಿನಾ ಚಿಮುಕಿಸುವುದನ್ನು ಬಿಟ್ಟು, ಎರಡು ಮೂರು ದಿನಕ್ಕೊಮ್ಮೆ ಬೇರಿಗೆ ಇಳಿಯುವಷ್ಟು ನೀರು ಹಾಕಿದೆ. ಅಕ್ಕಿ ತೊಳೆದ ನೀರೂ ಅದಕ್ಕೇ. ಯುಗಾದಿಯ ಹೊತ್ತಿಗೆ ಅಂಗಳ ಹಸಿರಾಗಿತ್ತು.

ಅಷ್ಟರಲ್ಲಿ ತಂಗಿಯ ಮದುವೆ ಬಂತು. ನಾನು ಮಡಿಕೇರಿಗೆ ಹೋದೆ. ಗಂಡ ಮದುವೆಗೆ ಬಂದು, ಅಲ್ಲಿಂದಲೇ ಪರೀಕ್ಷೆಯ ಪೇಪರು ತಿದ್ದಲು ದಾವಣಗೆರೆಗೆ ಹೋದರು. ಮನೆಗೆ ಬೀಗ. ಅಮ್ಮನ ಮನೆಯ ತಂಪಿನಲ್ಲಿ ಶಾಲು ಹೊದ್ದು ಕೂತರೂ ನನಗೆ ಹಿರಿಯೂರಿನ ಬಿಸಿಲಿನದೇ ಚಿಂತೆ. ವಾಪಸು ಹೋಗಬೇಕೆಂದೂ ಅನಿಸುತ್ತಿತ್ತು, ಬೇಡವೆಂದೂ ಅನಿಸುತ್ತಿತ್ತು.

ಕೊನೆಗೆ ಹೊರಟು ಬಂದೆ. ಹಿಂದಿನ ದಿನವೇ ವಾಪಸಾಗಿದ್ದ ಗಂಡ ಬಸ್‌ಸ್ಟ್ಯಾಂಡಿಗೆ ಬಂದು, ಬ್ಯಾಗು ಎತ್ತಿಕೊಂಡು, ನನ್ನನ್ನು ಮುಂದೆ ಬಿಟ್ಟು ಹಿಂದೆ ನಡೆದರು. ಗೇಟಿನ ಬಳಿ ಬಂದಾಗ ಯಾಕೆಂದು ತಿಳಿಯಿತು. ಒಂದು ಎಸಳೂ ಇರಲಿಲ್ಲ. ಯಾರೋ ನೆಲ ಬಡಿದು, ಸಗಣಿ ಸಾರಿಸಿ, ದೊಡ್ಡದೊಂದು ರಂಗೋಲಿ ಬಿಡಿಸಿದ್ದರು.

ನನ್ನ ಮೈಯೆಲ್ಲ ಉರಿಯಿತು. ಬೇಲಿಯಾಚೆ ತಿಪ್ಪಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಏನು ಮಾಡಿದಿರಿ ಇದು ಎಂದು ಕೇಳಿದೆ.

"ಬಾಗ್ಲು ಹಾಕಿ ಬಾಳ ದಿನ ಆತಲ್ಲ ತಾಯಿ. ಮೇಷ್ಟ್ರಮ್ಮ ತೌರಿಗೆ ಹೋದೋರು ಇನ್ನ ಬರಲ್ಲ ಅಂತ ಬೀದಿಯಾಗೆ ಮಾತಾಡಿದ್ರು. ಬಾಗ್ಲಾಗೆ ಹುಲ್ಲು ಬೆಳೆದ್ರೆ ಹಂಗೇ ಅಂತಾರೆ, ಹೆಂಗ್ಸು ಇಲ್ಲದ ಮನೆ ಅಂತ. ನಂಗೆ ತಡೀಲಿಲ್ಲ. ಕಿತ್ತಾಕಿ ದಿನಾ ರಂಗೋಲಿ ಹಾಕ್ದೆ. ಈ ಮನೆಯಾಕೆ ಅವ್ಳೆ, ಬರ್ತಾಳೆ ಅಂತ ಅವ್ರಿಗೂ ಗೊತ್ತಾಗ್ಲಿ."

ನಾನು ಉಳಿಯಲೆಂದು ಬೆಳೆಸಿದ್ದನ್ನು, ನಾನು ಉಳಿಯುತ್ತೇನೆಂದು ತೋರಿಸಲು ಅವರು ಕಿತ್ತಿದ್ದರು. ಬೈಯಬೇಕೆಂದು ಬಾಯಿ ತೆರೆದವಳು ಅಲ್ಲೇ ನಿಂತು ಅತ್ತೆ.

ಸಂಜೆ ಗಂಡ ನನ್ನ ಮುಖ ನೋಡದೆ, ಬ್ಯಾಗು ಬಿಚ್ಚುತ್ತೀಯಾ ಎಂದು ಕೇಳಿದರು. ಬಿಚ್ಚುವುದು ಇರಲಿ, ಮೊದಲು ಗುದ್ದಲಿ ತನ್ನಿ, ಹಿತ್ತಲ ನೆಲ ಗಟ್ಟಿ ಇದೆ ಎಂದೆ. ಗೊಬ್ಬರದ ಗುಂಡಿಯಲ್ಲಿ ತಿಪ್ಪಮ್ಮ ಎಸೆದಿದ್ದ ಗರಿಕೆಯ ಬೇರು ಇನ್ನೂ ಹಸಿಯಾಗಿತ್ತು.

ಈಗ ವರ್ಷಗಳೇ ಕಳೆದಿವೆ. ಹುಲ್ಲು ಹಿತ್ತಲಲ್ಲಿದೆ, ಮುಂದಿನ ಅಂಗಳವನ್ನು ನಾನೇ ಸಾರಿಸುತ್ತೇನೆ. ಮಡಿಕೇರಿಯಿಂದ ಬಂದವರು ಅಂಗಳದಲ್ಲಿ ನಿಂತು, ಇಷ್ಟು ವರ್ಷಕ್ಕೆ ನಾಲ್ಕೆಸಳು ಹುಲ್ಲೂ ಬೆಳೆಸಲಿಲ್ಲವೇ ಎನ್ನುತ್ತಾರೆ. ಹಿತ್ತಲಿಗೆ ಬಂದ ತಿಪ್ಪಮ್ಮ, ಇನ್ನೂ ಈ ಚಟ ಬಿಟ್ಟಿಲ್ವಾ ಎನ್ನುತ್ತಾರೆ. ಎರಡೂ ಕಡೆಯವರು ನನ್ನವರೇ. ಅವರಿಗೂ ಇವರಿಗೂ ನಾನು ಇನ್ನೊಂದು ಊರಿನವಳು.