ವಿಭೂತಿ ಹಚ್ಚಿಸಿಕೊಂಡ ವಿಜ್ಞಾನಿ

“ಈ ಮನ್ಯಾಗ ಡಿಗ್ರಿ ಆಗಂಗಿಲ್ಲ, ಬರದಿಟ್ಕೋ” ಎಂದವರು ನಮ್ಮ ದೊಡ್ಡಪ್ಪ. ಬಸವಕಲ್ಯಾಣದಲ್ಲಿ ಅವರದು ಕಿರಾಣಿ ಅಂಗಡಿ. ಓದಿನಲ್ಲಿ ನಮ್ಮ ವಂಶದ ಶಿಖರ ಏಳನೇ ಇಯತ್ತೆ, ಅದನ್ನು ಏರಿದವರೂ ಅವರೊಬ್ಬರೇ. ಮಗಳಿಗೂ ಅಷ್ಟೇ ಸಾಕು, ಮುಂದೆ ಶಾಲೆ ಬೇಡ ಎನ್ನುತ್ತಿದ್ದರು. ಬಿ.ಎಸ್ಸಿ. ಕೊನೆಯ ವರ್ಷ ಫಿಜಿಕ್ಸ್ ಪ್ರಾಕ್ಟಿಕಲ್‌ನಲ್ಲಿ ನಾನು ನಪಾಸಾದೆ. ದೊಡ್ಡಪ್ಪನ ಮುಖದಲ್ಲಿ ಹಬ್ಬದ ಕಳೆ ಬಂತು. ಇನ್ನೊಂದು ಸಲ ಪರೀಕ್ಷೆಗೆ ಕೂಡು, ಅದೂ ಹೋದರೆ ಅಂಗಡಿಯಲ್ಲಿ ಬೆಲ್ಲ ಒಡೆಯಲು ಬಾ ಎಂದು ತೀರ್ಪು ಕೊಟ್ಟರು.

ಹುಮ್ಮಸ್ಸಿಗಿರಲಿ ಎಂದು ಹುಮನಾಬಾದ್ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಕೊಂಡೆ. ಕೂದಲು ಕೆದರಿದ, ಮೀಸೆ ನರೆತ, ಜಗತ್ತಿಗೆಲ್ಲ ಗೊತ್ತಿರುವ ಭೌತವಿಜ್ಞಾನಿಯದು. ಗೋಡೆಗೆ ಹಾಕಿ ಹೊರಗೆ ಹೋಗಿ ಬರುವಷ್ಟರಲ್ಲಿ ಆತ ಶರಣರ ಫೋಟೋಗಳ ಸಾಲಿಗೆ ಬಡ್ತಿ ಪಡೆದಿದ್ದ. ಹಣೆಗೆ ವಿಭೂತಿ, ತಲೆಯ ಮೇಲೆ ಕಣಗಿಲೆ ಹೂ. ಎಲ್ಲ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ ಕೆಲಸ.

ಅಂಬಿಗ, ಮಡಿವಾಳ ಎಂದು ಶರಣರನ್ನು ಕಾಯಕದಿಂದಲೇ ಗುರುತಿಸುವ ಊರು ನಮ್ಮದು. ಆಯಿ ಕೇಳಿದಳು: “ಇವರ ಕಾಯಕ ಏನು ತಮ್ಮಾ?”

ಗುಮಾಸ್ತ, ಎಂದೆ. ಸುಳ್ಳಲ್ಲ. ಮಾಸ್ತರಿಕೆ ಸಿಗದೆ, ಬೇರೆಯವರು ಕಂಡುಹಿಡಿದ ಯಂತ್ರಗಳ ಕಾಗದ ತಿದ್ದುತ್ತ ಕೂತಿದ್ದಾಗಲೇ ಆತ ಬೆಳಕಿನ ಲೆಕ್ಕ ಬಿಡಿಸಿದ್ದು. ಆ ಬೆಳಕಿನ ಪ್ರಯೋಗವೇ ನನ್ನನ್ನು ಕೆಡವಿದ್ದು. ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಎಂಬ ಕಣ ಎದ್ದು ಹಾರುತ್ತದೆ. ಆದರೆ ಕೆಂಪು ಬೆಳಕನ್ನು ಎಷ್ಟು ಸುರಿದರೂ ಹಾರದ ಕಣ ನೀಲಿ ಬೆಳಕು ಚೂರು ಬಿದ್ದರೆ ಸಾಕು, ಹಾರುತ್ತದೆ. ಯಾಕೆಂದರೆ ಬೆಳಕು ಬರುವುದು ಕಾಳುಕಾಳಾಗಿ, ನೀಲಿಯ ಕಾಳಿಗೆ ಬಲ ಹೆಚ್ಚು. ಇದನ್ನು ಇಂಗ್ಲಿಷಿನಲ್ಲಿ ಉರು ಹೊಡೆದು ಹೊಡೆದು ನಾನೇ ಕೆಂಪಾಗಿದ್ದೆ. ಬೇಸತ್ತು ಒಂದು ದಿನ ಆಯಿಗೆ ಕನ್ನಡದಲ್ಲಿ ಹೇಳಿದೆ.

ಆಯಿ ಮುಡಬಿಯ ಹೊಲದಲ್ಲಿ ಹಕ್ಕಿ ಕಾಯ್ದು ಬೆಳೆದವಳು. ಅವಳಿಗೆ ಇದರಲ್ಲಿ ವಿಶೇಷವೇ ಕಾಣಲಿಲ್ಲ. “ಜ್ವಾಳದ ತೆನಿ ಮ್ಯಾಲಿನ ಹಕ್ಕಿಗಿ ಬುಟ್ಟಿಗಟ್ಲೆ ಹೊಟ್ಟು ತೂರಿದ್ರ ಏಳ್ತದೇನು? ಕವಣಿ ಕಲ್ಲು ಒಂದ್ ಬಿದ್ರ ಸಾಕು. ಇಷ್ಟಕ್ಕ ನಪಾಸ್ ಆದ್ಯಾ?”

ಎರಡನೇ ಸಲ ಪರೀಕ್ಷೆಗೆ ಹುಮನಾಬಾದಿನ ನಮ್ಮ ಕಾಲೇಜಿಗೆ ಹೋದೆ. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕದ ಮೇಲಿಂದ ನೋಡಿ ಅದನ್ನೇ ಕೇಳಿದರು: ಕೆಂಪು ಬೆಳಕು ಹೆಚ್ಚಿಸಿದರೆ ಏನಾಗುತ್ತದೆ? ಉರು ಹೊಡೆದ ಇಂಗ್ಲಿಷೆಲ್ಲ ಬೆವರಾಗಿ ಹರಿದುಹೋಯಿತು. ದೊಡ್ಡಪ್ಪನ ಅಂಗಡಿಯ ಬೆಲ್ಲದ ಪೆಂಟೆ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಹೊಟ್ಟು, ಹಕ್ಕಿ, ಕವಣೆ. ಪೂರ್ತಿ ಹೇಳಿ ಮುಗಿಸಿ ತಲೆ ತಗ್ಗಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದನ್ನು ಯಾರು ಕಲಿಸಿದರು ಎಂದರು. ಆಯಿ ಎಂದೆ. ಯಾವ ಕಾಲೇಜಿನಲ್ಲಿದ್ದಾರೆ ಎಂದರು. ಹೊಲದಾಗಿದ್ರು ಸರ್, ಈಗ ಮನ್ಯಾಗದಾರ ಎಂದೆ. ನಕ್ಕರು. ಆಮೇಲೆ ಅದನ್ನೇ ಸೂತ್ರದಲ್ಲಿ ಬರೆಯಲು ಹೇಳಿದರು. ಅರ್ಥವಾದದ್ದನ್ನು ಬರೆಯಲು ಕಷ್ಟವೇನೂ ಆಗಲಿಲ್ಲ. ಪಾಸಾದೆ.

ಸರ್ಟಿಫಿಕೇಟು ತರಲು ದೊಡ್ಡಪ್ಪ ತಾವಾಗಿ ಜೊತೆಗೆ ಬಂದರು, ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ. ಕಾಲೇಜಿನ ಕ್ಲರ್ಕು ಸಹಿ ಹಾಕಿಸಿಕೊಂಡು ಅದನ್ನು ನನ್ನ ಕೈಗಿತ್ತ. ದೊಡ್ಡಪ್ಪ ಕಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಖರೇನೇ ಏನ್ರಿ ಎಂದು ಅವನನ್ನು ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಮನಿ ಹಾಳ್ ಮಾಡ್ದಿ ನೋಡು. ಇನ್ನ ನನ್ನ ಮಗಳಿಗಿ ಸಾಲಿ ಬಿಡು ಅನ್ಲಾಕ ನಂಗ ಬಾಯಿ ಎಲ್ಲದ?”